ಬಲದಿಂದ ಎಡಕ್ಕೆ ಐದು ಕಂಬ

ಮೂರೇ ದಿನದ ತರಬೇತಿಗೆಂದು ರಾಜಧಾನಿ ತುನಿಸ್‌ಗೆ ಹೋಗಿ ಬಂದ ಮನುಷ್ಯ ಇಷ್ಟೊಂದು ಬದಲಾಗಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಚಿಕ್ಕಪ್ಪ ಇಪ್ಪತ್ತು ವರ್ಷ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಇದ್ದು ಬಂದವನು. ಅವನು ಕೂಡ ಬಂದ ಮರುದಿನವೇ ಹಳೇ ಚಪ್ಪಲಿ ಮೆಟ್ಟಿಕೊಂಡು ನನ್ನ ಕಾಫಿ ಅಂಗಡಿಯಲ್ಲಿ ಇಸ್ಪೀಟಿಗೆ ಕೂತಿದ್ದ. ಶೆದ್ಲಿ ಹಾಗಲ್ಲ. ಬಸ್ಸಿಳಿದವನೇ ನೇರ ನನ್ನ ಅಂಗಡಿಗೆ ಬಂದು, ಗೋಡೆಯ ಮೇಲಿನ ಬೆಲೆಪಟ್ಟಿಯ ಮುಂದೆ ತಲೆ ಓರೆ ಮಾಡಿ ನಿಂತು, "ಹಮ್ಮಾದಿ, ಇದು ಉಸಿರಾಡ್ತಾ ಇಲ್ಲ" ಎಂದ.

"ಅದು ಹಲಗೆ ಕಣೋ," ಎಂದೆ. "ಉಸಿರಾಡಿದ್ರೆ ಮೊದಲು ನಾನೇ ಅಂಗಡಿ ಬಿಟ್ಟು ಓಡ್ತಿದ್ದೆ."

ಶೆದ್ಲಿ ನಮ್ಮ ಸೀದಿ ಯಾಕೂಬ್ ಬಂದರಿನ ಮೀನುಗಾರಿಕೆ ಕಚೇರಿಯಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುವವನು. ಎಷ್ಟು ದೋಣಿ ಹೋದವು, ಎಷ್ಟು ಟನ್ ಆಕ್ಟೋಪಸ್ ಬಂತು, ಇಷ್ಟೇ ಅವನ ಪ್ರಪಂಚ. ವಯಸ್ಸು ಮೂವತ್ತೆಂಟು. ಒಳ್ಳೆಯವನು. ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು ಇಡೀ ದಿನ ಓಡಾಡುವಂಥ ಒಳ್ಳೆಯವನು. ರಾಯಿಸ್ ಜಿಲಾನಿಯ ಮಗಳು ದಲಿಂದಾಳ ಜೊತೆ ಅವನಿಗೆ ನಿಶ್ಚಿತಾರ್ಥವಾಗಿ ಐದು ವರ್ಷ ಕಳೆದಿತ್ತು. ರಾಯಿಸ್ ಎಂದರೆ ದೋಣಿಯ ಯಜಮಾನ. ಜಿಲಾನಿಗಂತೂ ಎರಡು ದೋಣಿ, ಎರಡು ಸಾವಿರ ಮಣ್ಣಿನ ಕುಡಿಕೆ, ಎರಡು ಊರಿಗೆ ಕೇಳಿಸುವಂಥ ಗಂಟಲು. ಕುಡಿಕೆಗಳನ್ನು ಹಗ್ಗಕ್ಕೆ ಕಟ್ಟಿ ಸಮುದ್ರದ ತಳಕ್ಕೆ ಇಳಿಸಿದರೆ ಆಕ್ಟೋಪಸ್‌ಗಳು ತಾವಾಗಿ ಬಂದು ಒಳಗೆ ಸೇರಿಕೊಳ್ಳುತ್ತವೆ. ಅವುಗಳಿಗಿರುವ ಮನೆ ಆಸೆ ಶೆದ್ಲಿಗೂ ಇತ್ತು, ಆದರೆ ಅವನ ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಮೊದಲು ದಲಿಂದಾಳ ಇಬ್ಬರು ಅಕ್ಕಂದಿರ ಸರದಿ ಮುಗಿಯಬೇಕಿತ್ತು, ಆಮೇಲೆ ಅಜ್ಜಿ ತೀರಿಕೊಂಡರು, ಆಮೇಲೆ ಶೆದ್ಲಿಯ ಮೇಲ್ಮಹಡಿಗೆ ಚಾವಣಿ ಬರಲಿಲ್ಲ. ಈ ಸಲ ಎಲ್ಲ ಕೂಡಿಬಂದಿತ್ತು. ಮುಂದಿನ ಜುಲೈಗೆ ದಿನ ಗೊತ್ತಾಗಿತ್ತು.

ಒಂದೇ ಒಂದು ಷರತ್ತು. ನಮ್ಮೂರಲ್ಲಿ ಮದುವೆ ಆಗುವುದು ಆಕ್ಟೋಪಸ್ ಮೇಲೆ. ಹಾಸಿಗೆ, ತಾಮ್ರದ ಪಾತ್ರೆ, ಹುಡುಗಿಯ ಪೆಟ್ಟಿಗೆ, ಏಳು ದಿನದ ಊಟ, ಇದೆಲ್ಲ ಸಮುದ್ರದ ತಳದಿಂದಲೇ ಎದ್ದು ಬರಬೇಕು. ಋತು ಚೆನ್ನಾಗಿದ್ದರೆ ಬೇಸಿಗೆಯಲ್ಲಿ ಮನೆಮನೆಯಲ್ಲೂ ಡೋಲು. ಚೆನ್ನಾಗಿಲ್ಲದಿದ್ದರೆ ಡೋಲಿನವನು ನನ್ನ ಅಂಗಡಿಯಲ್ಲಿ ಕೂತು ಆಕಳಿಸುತ್ತಾನೆ. ನವೆಂಬರ್ ಒಂದರಂದು ಋತು ತೆರೆಯಬೇಕು, ಮೊದಲ ತಿಂಗಳು ಕುಡಿಕೆ ತುಂಬಿ ಬರಬೇಕು, ಆಗ ಮಾತ್ರ ಜುಲೈಗೆ ಮದುವೆ ಎಂದು ರಾಯಿಸ್ ಜಿಲಾನಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಇಷ್ಟು ಹೇಳಿದ ಮೇಲೆ ತರಬೇತಿಯ ವಿಷಯಕ್ಕೆ ಬರಬಹುದು. ಆ ಮೂರು ದಿನದಲ್ಲಿ ಶೆದ್ಲಿಗೆ ಬಾರ್ ಚಾರ್ಟ್ ಬರೆಯುವ ಒಂದು ಸಾಫ್ಟ್‌ವೇರ್ ಕಲಿಸಿದ್ದರು. ಅದರಲ್ಲಿ ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತುವುದಿಲ್ಲವಂತೆ. ಸಾಲು ಸಾಲಾಗಿ ಆಜ್ಞೆ ಬರೆಯಬೇಕಂತೆ, ಬರೆದ ಹಾಗೆ ಕಂಬಗಳು ಏಳುತ್ತವಂತೆ.

"ಕಂಬದ ಬಣ್ಣ ನಾನು ಹೇಳಿದ್ದು ಹಮ್ಮಾದಿ," ಎಂದು ಅವನು ಕಣ್ಣರಳಿಸಿ ಹೇಳಿದ. "ಅಗಲ ನಾನು ಹೇಳಿದ್ದು. ಅಂಚಿಗೆ ಗೆರೆ ಬೇಕೋ ಬೇಡವೋ, ಕಂಬ ಕಂಬದ ನಡುವೆ ಎಷ್ಟು ಸಂದು, ಎಲ್ಲಾ ನಾನು ಹೇಳಿದ್ದೇ!"

"ಒಳ್ಳೇದಾಯ್ತು ಬಿಡು. ಊರಲ್ಲಿ ಯಾರೂ ನಿನ್ನ ಮಾತು ಕೇಳಲ್ಲ. ಕಂಬನಾದ್ರೂ ಕೇಳ್ತಲ್ಲ."

ಅಕ್ಟೋಬರ್ ಕೊನೆಗೆ ತುನಿಸ್‌ನಿಂದ ಮೇಲಧಿಕಾರಿ ಬಂದು ಕಳೆದ ಐದು ವರ್ಷದಲ್ಲಿ ಹಿಡಿದ ಆಕ್ಟೋಪಸ್ ಲೆಕ್ಕ ನೋಡಿ, ಋತು ತೆರೆಯುವ ಕಾಗದಕ್ಕೆ ಸಹಿ ಹಾಕಬೇಕಿತ್ತು. ಆ ವರದಿಗೆ ಚಾರ್ಟ್ ಮಾಡುವ ಭಾರವನ್ನು ಶೆದ್ಲಿ ತಾನಾಗಿ ಹೆಗಲಿಗೇರಿಸಿಕೊಂಡ. ಲೆಕ್ಕವೇನು ದೊಡ್ಡದಲ್ಲ. ಮೊದಲ ವರ್ಷ ನೂರನಲವತ್ತು ಟನ್, ಆಮೇಲೆ ನೂರೆಂಬತ್ತು, ಇನ್ನೂರನಲವತ್ತು, ಮುನ್ನೂರು, ಕೊನೆಗೆ ಮುನ್ನೂರರವತ್ತು. ಐದೇ ಐದು ಕಂಬ. ನನ್ನ ಮೊಮ್ಮಗಳು ಸೀಮೆಸುಣ್ಣದಲ್ಲಿ ಬರೆದು ಕೊಡುತ್ತಿದ್ದಳು. ಶೆದ್ಲಿ ಅದಕ್ಕೆ ಹದಿನಾರು ದಿನ ತೆಗೆದುಕೊಂಡ.

ಪ್ರತಿದಿನ ಹೊಸದೊಂದು ಮುದ್ರಿಸಿ ತಂದು, ನನ್ನ ಕಾಫಿ ಯಂತ್ರದ ಪಕ್ಕ ಅಂಟಿಸಿ, ಜನರ ಅಭಿಪ್ರಾಯ ಕೇಳುತ್ತಿದ್ದ. ಇದು ಅವನು ಮಾಡಿದ ಮೊದಲ ತಪ್ಪು. ಸೀದಿ ಯಾಕೂಬ್‌ನಲ್ಲಿ ಯಾರ ಬಳಿ ಏನಿಲ್ಲದಿದ್ದರೂ ಅಭಿಪ್ರಾಯವಿದೆ.

ಮೊದಲನೆಯದು ಕೆಂಪು ಹಳದಿ ಕಂಬಗಳದ್ದು. ಕ್ಷೌರಿಕ ಲಜ್‌ಹರ್ ಅದನ್ನು ನೋಡಿ ಕಾಫಿ ಲೋಟ ಕುಕ್ಕಿ, ಸಾಹೇಬರಿಗೆ ಹಚ್ಚುವ 'ಸೀ' ಹಚ್ಚಿ ಕೇಳಿದ. "ಏನ್ ಸೀ ಶೆದ್ಲಿ, ನಮ್ಮ ಸಮುದ್ರದ ಆಕ್ಟೋಪಸ್‌ಗೆ ರಾಜಧಾನಿ ಫುಟ್‌ಬಾಲ್ ತಂಡದ ಅಂಗಿ ತೊಡಿಸಿದ್ದೀಯಲ್ಲಪ್ಪ? ನಾಚಿಕೆ ಆಗಲ್ವಾ?" ಮರುದಿನ ಕಂಬಗಳು ಹಸಿರಾದವು. ಹಸಿರು ನೋಡಿದರೆ ಔಷಧದ ಅಂಗಡಿ ನೆನಪಾಗುತ್ತದೆ ಎಂದು ಒಬ್ಬರು ಹೇಳಿದರು. ಬೂದುಬಣ್ಣ ಬಂತು, ಯಾರೋ ತೀರಿಕೊಂಡ ಹಾಗಿದೆ ಎಂದರು. ಹೀಗೆ ಸುತ್ತಿ ಸುತ್ತಿ ನೀಲಿಗೆ ಬಂದು, ನೀಲಿಯಲ್ಲೂ ಮೂರು ದಾಟಿ, ನಾಲ್ಕನೆಯ ನೀಲಿಗೆ ಊರು ಒಪ್ಪಿಗೆ ಕೊಟ್ಟಿತು. ಆಮೇಲೆ ಅಗಲದ ರಗಳೆ. ತೆಳ್ಳಗೆ ಮಾಡಿದರೆ ಮೀನಿನ ಮುಳ್ಳು, ದಪ್ಪಗೆ ಮಾಡಿದರೆ ಫ್ರಿಜ್ಜು.

ವರ್ಷದ ಅಂಕಿಗಳ ಗೋಳು ಬೇರೆಯೇ ಆಯಿತು. ಕಂಬದ ಕೆಳಗೆ ಬರೆದ ವರ್ಷಗಳು ಒಂದರ ಮೇಲೊಂದು ಏರಿಕೊಂಡಿದ್ದವು. ಶೆದ್ಲಿ ಅವನ್ನು ಓರೆ ಮಾಡಿದ. ಸಾಲದೆಂದು ನೆಟ್ಟಗೆ ನೇತುಹಾಕಿದ. ಅದೇ ಹೊತ್ತಿಗೆ ರಾಯಿಸ್ ಜಿಲಾನಿ ಕಾಫಿಗೆ ಬಂದ. ಭಾವಿ ಅಳಿಯನ ಕೈಚಳಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಇದೇನು ಕೆಳಗೆ, ಆಕ್ಟೋಪಸ್ ಒಣಗಹಾಕಿದ್ದೀಯಾ?"

ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶೆದ್ಲಿಯ ಕಿವಿ ಕೆಂಪಾಯಿತು. ಮರುದಿನ ಅವನು ಆ ವರ್ಷಗಳನ್ನೇ ತೆಗೆದುಹಾಕಿದ. ಕೈ ತಾಗಿದ್ದೇ ತಾಗಿದ್ದು ಎಂದು ಕಂಬದ ತಲೆಯ ಮೇಲಿದ್ದ ಟನ್ನುಗಳನ್ನೂ ತೆಗೆದ, ಹಿಂದಿನ ಗೆರೆಗಳನ್ನೂ ತೆಗೆದ. "ಈಗ ನೋಡು," ಎಂದ. "ಈಗ ಉಸಿರಾಡ್ತಾ ಇದೆ." ನಿಜ ಹೇಳಬೇಕೆಂದರೆ ಬಹಳ ಚೆಂದವಿತ್ತು. ಬಿಳಿ ಹಾಳೆಯ ಮೇಲೆ ಐದು ನೀಲಿ ಕಂಬ, ಮೇಲೆ 'ಕಳೆದ ಐದು ವರ್ಷದ ಆಕ್ಟೋಪಸ್' ಎಂಬ ತಲೆಬರಹ, ಬೇರೇನಿಲ್ಲ. ಮಾತಾಡದ ಹೆಂಗಸಿನ ಹಾಗೆ ಗಂಭೀರವಾಗಿತ್ತು ಎಂದು ಲಜ್‌ಹರ್ ಹೊಗಳಿದ. ಅವನಿಗೆ ಅಂಥವರ ಪರಿಚಯ ಇರಲಿಲ್ಲ ಪಾಪ.

ಇಷ್ಟಕ್ಕೇ ನಿಂತಿದ್ದರೆ ಊರು ಉಳಿಯುತ್ತಿತ್ತು. ಆದರೆ ಕಚೇರಿಯ ಮುಖ್ಯಸ್ಥರಾದ ಸೀ ಬೂರಾವಿಯವರು ಆ ವರ್ಷದ ವರದಿ ಅಕ್ಷರ ಬಿಡದೆ ಅರಬ್ಬಿಯಲ್ಲೇ ಇರಬೇಕು, ಫ್ರೆಂಚ್ ಮಿಶ್ರಣ ಕೂಡದು ಎಂದು ಅಪ್ಪಣೆ ಕೊಟ್ಟರು. ಶೆದ್ಲಿ ಇಡೀ ಒಂದು ಬೆಳಿಗ್ಗೆ ಯೋಚಿಸಿದ. ಅರಬ್ಬಿ ಓದುವುದು ಬಲದಿಂದ ಎಡಕ್ಕೆ. ಪುಟದ ಬರಹವೆಲ್ಲ ಬಲದಿಂದ ಹೊರಟಿರುವಾಗ ಕಂಬಗಳು ಮಾತ್ರ ಎಡದಿಂದ ಹೊರಟರೆ ಅದು ಸೊಕ್ಕಲ್ಲವೇ? ಒಂದೇ ಒಂದು ಸಾಲಿನ ಆಜ್ಞೆ ಬರೆದು ಅವನು ಇಡೀ ಚಾರ್ಟನ್ನು ತಿರುಗಿಸಿಬಿಟ್ಟ. ಹಳೆಯ ವರ್ಷ ಬಲಕ್ಕೆ ಬಂತು, ಹೊಸ ವರ್ಷ ಎಡಕ್ಕೆ ಹೋಯಿತು.

"ಇದು ಅರಬ್ಬಿ ಮಾತಾಡೋ ಚಾರ್ಟ್!" ಎಂದು ಸೀ ಬೂರಾವಿ ಅವನ ಬೆನ್ನು ತಟ್ಟಿದರು. "ಇಷ್ಟು ಚೆನ್ನಾಗಿರೋ ಚಿತ್ರ ಇದ್ದ ಮೇಲೆ ಅಂಕಿಗಳ ಪಟ್ಟಿ ಯಾಕೆ? ತೆಗೆದುಬಿಡಿ ಅದನ್ನ." ಅವರೇ ರುಜು ಹಾಕಿ, ಮೊಹರು ಒತ್ತಿದರು.

ಅಕ್ಟೋಬರ್ ಮೂವತ್ತರಂದು ಮಧ್ಯಾಹ್ನ ಮದಾಮ್ ವಸೀಲಾ ಬಂದರು. ಪ್ಯಾರಿಸ್‌ನಲ್ಲಿ ಓದಿದ, ಇಪ್ಪತ್ತು ವರ್ಷ ಬಂದರುಗಳನ್ನು ಸುತ್ತಿದ ಅಧಿಕಾರಿ. ಕನ್ನಡಕದ ಮೇಲಿಂದ ನೋಡಿದರೆ ಮೀನೂ ಎದ್ದು ನಿಲ್ಲಬೇಕು, ಅಂಥವರು. ಸಭೆಗೆ ಕಾಫಿ ನನ್ನ ಅಂಗಡಿಯದೇ ಆದ್ದರಿಂದ ತಟ್ಟೆ ಹಿಡಿದುಕೊಂಡು ನಾನೂ ಒಳಗಿದ್ದೆ. ಈ ದೇಶದಲ್ಲಿ ಕಾಫಿ ತಂದವನನ್ನು ಹೊರಗೆ ಹೋಗು ಎನ್ನುವುದಿಲ್ಲ, ಅವನು ಅಲ್ಲಿ ಇದ್ದಾನೆಂದೇ ಯಾರೂ ತಿಳಿಯುವುದಿಲ್ಲ.

ಗೋಡೆಗೆ ದೊಡ್ಡದಾಗಿ ಮುದ್ರಿಸಿದ ಚಾರ್ಟ್ ಅಂಟಿಸಿತ್ತು. ಪಕ್ಕದಲ್ಲಿ ಶೆದ್ಲಿ ಮದುಮಗನ ಹಾಗೆ ನಿಂತಿದ್ದ. ಮದಾಮ್ ಬಹಳ ಹೊತ್ತು ನೋಡಿದರು.

"ತುಂಬಾ ಅಚ್ಚುಕಟ್ಟಾಗಿದೆ. ಬಣ್ಣ ಹಿತವಾಗಿದೆ."

"ನಾಲ್ಕನೇ ನೀಲಿ ಮದಾಮ್! ಮೊದಲ ಮೂರು ಸರಿ ಬರಲಿಲ್ಲ."

"ಆದ್ರೆ ಮನಸ್ಸಿಗೆ ಬೇಜಾರಾಗೋ ವಿಷಯ. ಇದು ಬಹಳ ಗಂಭೀರವಾದದ್ದು, ನಿಮಗೂ ಹಾಗನ್ಸುತ್ತೆ ತಾನೆ?"

"ಬಹಳ ಗಂಭೀರ ಮದಾಮ್," ಎಂದ ಶೆದ್ಲಿ. "ಹದಿನಾರು ದಿನ ಇದಕ್ಕೇ ಕೂತಿದ್ದೆ."

"ಸೀ ಬೂರಾವಿ, ನೀವೇನಂತೀರಿ?"

ಸೀ ಬೂರಾವಿಯವರು ಮೇಲಧಿಕಾರಿಗಳು ಏನೆಂದರೂ ಅದಕ್ಕೊಂದು ಹೌದು ಸೇರಿಸಿಯೇ ಈ ಕುರ್ಚಿಗೆ ಬಂದವರು. "ನೀವು ಹೇಳಿದ ಹಾಗೇ ಮದಾಮ್. ಬಹಳ ಗಂಭೀರ."

ಮದಾಮ್ ಬೆರಳನ್ನು ಎಡಗಡೆಯ ಎತ್ತರದ ಕಂಬದ ಮೇಲಿಟ್ಟು, ಮೆಟ್ಟಿಲಿಳಿದ ಹಾಗೆ ಒಂದೊಂದೇ ಕಂಬ ಇಳಿಸಿಕೊಂಡು ಬಲಗಡೆಯ ಕುಳ್ಳಗಿನದಕ್ಕೆ ತಂದರು. "ಐದು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂದುಬಿಟ್ಟಿದೆ. ಸಮುದ್ರಕ್ಕೆ ಸ್ವಲ್ಪ ಬಿಡುವು ಕೊಡಲೇಬೇಕು. ಋತು ಒಂದು ತಿಂಗಳು ತಡವಾಗಿ ತೆರೆಯಲಿ. ನಾಳೆ ಹತ್ತು ಗಂಟೆಗೆ ಹೊರಡೋ ಮುಂಚೆ ಆದೇಶಕ್ಕೆ ಸಹಿ ಹಾಕ್ತೀನಿ."

ಸೀ ಬೂರಾವಿ ಅಭ್ಯಾಸಬಲದಿಂದ "ಹೌದು ಮದಾಮ್" ಎಂದರು. ಶೆದ್ಲಿ "ಧನ್ಯವಾದ ಮದಾಮ್" ಎಂದ. ಮದಾಮ್ ಕಾಫಿ ಮುಗಿಸಿ ಅತಿಥಿಗೃಹಕ್ಕೆ ಹೊರಟು ಹೋದ ಮೇಲೆ ಆ ಕೋಣೆಯಲ್ಲಿ ಬುದ್ಧಿ ಉಳಿದವನು ನಾನೊಬ್ಬನೇ ಇದ್ದೆ.

"ಏನಯ್ಯಾ ಧನ್ಯವಾದ?" ಎಂದೆ. "ನಿನ್ನ ಮದುವೆ ಮುಂದಕ್ಕೆ ಹಾಕಿ ಹೋದ್ರಲ್ಲೋ ಆಯಮ್ಮ!"

ಶೆದ್ಲಿ ಚಾರ್ಟ್ ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ. ಮುಖ ಸುಣ್ಣ ಬಳಿದ ಹಾಗಾಯಿತು. "ಇಲ್ಲ ಹಮ್ಮಾದಿ, ಅವರು ಉಲ್ಟಾ ಓದಿಬಿಟ್ರು!"

"ವರ್ಷ ಎಲ್ಲಿ ಬರೆದಿದ್ದೀಯ, ಅವರು ಸರಿಯಾಗಿ ಓದೋಕೆ?"

ಸೀ ಬೂರಾವಿಯವರಿಗೆ ತಕ್ಷಣ ತಲೆನೋವು ಬಂತು, ಮನೆಗೆ ಹೋದರು.

ನಾಲ್ಕು ಗಂಟೆಗೆ ಶೆದ್ಲಿ ಅಂಕಿಗಳ ಪಟ್ಟಿಯನ್ನು ಮುದ್ರಿಸಿ, ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಅತಿಥಿಗೃಹಕ್ಕೆ ಓಡಿದ. ಮದಾಮ್ ಪಟ್ಟಿ ನೋಡಿದರು, ಅವನನ್ನು ನೋಡಿದರು, ಮಧ್ಯಾಹ್ನದ ಸಭೆಯಲ್ಲಿ ಇಲ್ಲದ ಈ ಕಾಗದ ಈಗ ಎಲ್ಲಿಂದ ಬಂತು ಎಂದು ಕೇಳಿದರು. ಅವನು ತಡವರಿಸಿದ. ಸರಿ, ಪಟ್ಟಿ ಸಾಲದೆಂದು ಕಚೇರಿಗೆ ಓಡಿ ಐದು ಗಂಟೆಗೆ ಹೊಸ ಚಾರ್ಟ್ ತಂದ. ಈ ಸಲ ಎಡದಿಂದ ಬಲಕ್ಕೆ, ಕೆಳಗೆ ವರ್ಷ, ಮೇಲೆ ಟನ್ನು, ಏನೂ ಬಿಟ್ಟಿರಲಿಲ್ಲ. ಗಾಬರಿಯಲ್ಲಿ ಬಣ್ಣ ಮಾತ್ರ ಎರಡನೆಯ ನೀಲಿ ಬಂದಿತ್ತು.

ಮದಾಮ್ ಕನ್ನಡಕ ತೆಗೆದರು. "ಮೂರು ಗಂಟೆಗೆ ಇಳೀತಿದ್ದ ಆಕ್ಟೋಪಸ್ ಐದು ಗಂಟೆಗೆ ಏರ್ತಾ ಇದೆಯಾ?"

"ಅವು ಮೊದಲಿಂದ್ಲೂ ಏರ್ತಾನೇ ಇದ್ವು ಮದಾಮ್! ನಾನು ತಿರುಗಿಸಿಟ್ಟಿದ್ದೆ ಅಷ್ಟೆ!"

"ನಾನು ಹೊಸಬಳಲ್ಲಪ್ಪ. ಒಂದು ಬಂದರಿನಲ್ಲಿ ನನ್ನ ತೀರ್ಮಾನ ಕೇಳಿ ಎರಡು ಗಂಟೇಲಿ ಸೀಗಡಿ ದುಪ್ಪಟ್ಟಾಗಿದ್ದನ್ನ ನೋಡಿದೀನಿ. ಕಾಗದ ಒಂದು ಸಂಜೇಲಿ ತಯಾರಾಗುತ್ತೆ. ಮೊಹರು ಒತ್ತಿದ ವರದಿ ನನ್ನ ಕೈಲಿದೆ, ಅದು ಸಾಕು."

ನನಗೆ ತಡೆಯಲಿಲ್ಲ. "ಮದಾಮ್, ಇವನಿಗೆ ಸುಳ್ಳು ಹೇಳೋ ಅಷ್ಟು ಬುದ್ಧಿ ಇಲ್ಲ. ವಲ್ಲಾಹಿ, ದೇವರಾಣೆಗೂ ನಾನು ಚಿಕ್ಕಂದಿನಿಂದ ನೋಡಿದೀನಿ."

"ನೀವ್ಯಾರು?"

"ಕಾಫಿ ತಂದಿದ್ನಲ್ಲ."

"ಕಾಫಿ ಚೆನ್ನಾಗಿತ್ತು. ಈಗ ಇಬ್ಬರೂ ಹೊರಡಿ."

ನಾವು ಅಂಗಡಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಬಂದು ಕೂತಿತ್ತು. ಯಂತ್ರದ ಪಕ್ಕ ಅಂಟಿಸಿದ್ದ ಆ ತಿರುಗಿಸಿದ ಚಾರ್ಟಿನ ಮುಂದೆ ಊರು ಎರಡು ಹೋಳಾಗಿತ್ತು. ಮಸೀದಿಯ ಶಾಲೆಯಲ್ಲಿ ಕಲಿತವರೆಲ್ಲ ಬಲದಿಂದ ಓದಿ, ಕಣ್ಣಿಗೆ ಹೊಡೆಯುವ ಹಾಗೆ ಏರುತ್ತಿದೆಯಲ್ಲ ಎನ್ನುತ್ತಿದ್ದರು. ಫ್ರೆಂಚ್ ಕಲಿತವರು, ದೊಡ್ಡ ಹಡಗಿನಲ್ಲಿ ದುಡಿದವರು ಎಡದಿಂದ ಓದಿ ಮದಾಮ್ ಹೇಳಿದ್ದೇ ಸರಿ ಎನ್ನುತ್ತಿದ್ದರು. ಹೋದ ವರ್ಷ ತಾನೇ ದೋಣಿ ತುಂಬ ಆಕ್ಟೋಪಸ್ ತಂದವನೊಬ್ಬ, ಚಾರ್ಟ್ ನೋಡಿ, "ಪಾಪ, ನಮಗೆ ಕಡಿಮೆ ಸಿಕ್ಕಿತ್ತು ಅಂತ ಗೊತ್ತೇ ಇರ್ಲಿಲ್ಲ" ಎಂದು ಮರುಗುತ್ತಿದ್ದ. ಮುದ್ರಿಸಿದ್ದಕ್ಕೆ ನಮ್ಮ ಜನ ಅಷ್ಟು ಮರ್ಯಾದೆ ಕೊಡುತ್ತಾರೆ.

ರಾಯಿಸ್ ಜಿಲಾನಿ ಬಾಗಿಲು ತುಂಬಿ ನಿಂತ.

"ಎರಡು ಸಾವಿರ ಕುಡಿಕೆ ಹಗ್ಗಕ್ಕೆ ಕಟ್ಟಿ ದಡದಲ್ಲಿ ಇಟ್ಟಿದ್ದೀನಿ," ಎಂದ. "ಸಮುದ್ರ ತಡೀಲಿಲ್ಲ, ಗಾಳಿ ತಡೀಲಿಲ್ಲ. ಐದು ನೀಲಿ ಕಡ್ಡಿ ತಡೀತು! ನವೆಂಬರ್ ಹೋದ್ರೆ ಜುಲೈ ಹೋಯ್ತು ಶೆದ್ಲಿ. ಅದನ್ನ ನಾನು ಹೇಳ್ಬೇಕಾಗಿಲ್ಲ."

ಶೆದ್ಲಿ ಕುರ್ಚಿಯಲ್ಲಿ ಕುಸಿದು ಕೂತ. ಅಳುತ್ತಾನೇನೋ ಅನಿಸಿತು. ಆಗ ರಾಯಿಸ್‌ನ ಹಿಂದಿನಿಂದ ದಲಿಂದಾ ಒಳಗೆ ಬಂದಳು. ನಮ್ಮಲ್ಲಿ ಹೆಂಗಸರು ಬಂದರಿನ ಕಾಫಿ ಅಂಗಡಿಗೆ ಬರುವ ವಾಡಿಕೆ ಇಲ್ಲ. ಆ ದಿನ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಆಯಮ್ಮ ಏನಂದ್ರು? ಅವರ ಮಾತು ಇದ್ದ ಹಾಗೇ ಹೇಳು," ಎಂದಳು ಶೆದ್ಲಿಗೆ.

"ಕಾಗದ ಒಂದು ಸಂಜೇಲಿ ತಯಾರಾಗುತ್ತೆ ಅಂದ್ರು."

ದಲಿಂದಾ ಬೆರಳು ಮಡಚತೊಡಗಿದಳು. "ಮೂರು. ಐದು. ಆರು. ಒಂಬತ್ತು. ಹನ್ನೆರಡು."

"ಏನದು?" ಎಂದ ರಾಯಿಸ್.

"ಈ ಐದು ಬೇಸಿಗೇಲಿ ನಮ್ಮೂರಲ್ಲಾದ ಮದುವೆ. ಒಂದನ್ನೂ ಬಿಡದೆ ಹೋಗಿದ್ದೀನಿ ಅಪ್ಪಾ. ಮದುಮಗಳ ಪಕ್ಕ ಕೂತ್ಕೊಂಡು, ಕುಸ್ಕುಸ್ ತಿಂದು, 'ನಿಂದು ಯಾವಾಗಮ್ಮಾ' ಅಂತ ಕೇಳಿಸ್ಕೊಂಡು ಬಂದಿದ್ದೀನಿ. ನಂಗೆ ಬಾಯಿಪಾಠ. ಆಕ್ಟೋಪಸ್ ಏರದೆ ಈ ಊರಲ್ಲಿ ಯಾರ ಮದುವೆ ಏರುತ್ತೆ? ಕಾಗದ ನಂಬಲ್ಲ ಅಂದ್ರಲ್ಲ, ಕಾಗದ ಬೇಡ. ಎಲ್ಲರನ್ನೂ ಕರ್ಕೊಂಡು ಬಂದು ದಡದ ಮೇಲೆ ನಿಲ್ಸಿ."

ಶೆದ್ಲಿ ತಲೆಯೆತ್ತಿದ. ಹದಿನಾರು ದಿನದಿಂದ ಅವನ ತಲೆಯಲ್ಲಿ ಏನಿತ್ತೋ ಅದೇ ಕಣ್ಣಲ್ಲಿ ಮಿನುಗಿತು. "ಕಂಬದ ಹಾಗೆ," ಎಂದ.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಬಂದರಿನ ಕಟ್ಟೆಯ ಮೇಲೆ ಮೂವತ್ತೈದು ಸಂಸಾರ ಸೇರಿತು. ಗೋಡೆಯ ಬುಡದಿಂದ ನೀರಿನ ಕಡೆಗೆ ಒಂದೊಂದು ಬೇಸಿಗೆಗೆ ಒಂದೊಂದು ಸಾಲು, ಒಂದು ಜೋಡಿಯ ಹಿಂದೆ ಇನ್ನೊಂದು ಜೋಡಿ ನಿಲ್ಲಬೇಕೆಂದು ಶೆದ್ಲಿ ಸುಣ್ಣದಲ್ಲಿ ಗೆರೆ ಎಳೆದ. ಅಲ್ಲಿಂದ ಶುರುವಾಯಿತು ನೋಡಿ. ಕಂಪ್ಯೂಟರಿನ ಕಂಬ ಹೇಳಿದ ಕಡೆ ನಿಲ್ಲುತ್ತದೆ. ಸೀದಿ ಯಾಕೂಬ್‌ನವರು ನಿಲ್ಲುವುದಿಲ್ಲ.

ಒಬ್ಬ ಗಂಡ ತನ್ನ ಮದುವೆ ಯಾವ ಬೇಸಿಗೆಯಲ್ಲಾಯಿತೆಂಬುದನ್ನೇ ಮರೆತು ತಪ್ಪು ಸಾಲಿಗೆ ಹೋಗಿ ನಿಂತ. ಹೆಂಡತಿ ಸರಿಯಾದ ಸಾಲಿನಲ್ಲಿ ನಿಂತು ಅವನಿಗೆ ಎಲ್ಲರೆದುರು ಗ್ರಹಚಾರ ಬಿಡಿಸಿದಳು. ಇನ್ನೊಬ್ಬಳು ಓರಗಿತ್ತಿಯ ಬೆನ್ನು ನೋಡಿಕೊಂಡು ನಿಲ್ಲಲಾರೆ ಎಂದಳು. ಲಜ್‌ಹರ್‌ನದಂತೂ ದೊಡ್ಡ ಸಮಸ್ಯೆಯಾಯಿತು. ಅವನು ಮೂರನೆಯ ಬೇಸಿಗೆಯಲ್ಲಿ ಮದುವೆಯಾಗಿ, ಬಿಟ್ಟು, ಐದನೆಯ ಬೇಸಿಗೆಯಲ್ಲಿ ಮತ್ತೆ ಮದುವೆಯಾಗಿದ್ದ.

"ನಾನು ಎರಡು ಕಂಬದಲ್ಲೂ ನಿಲ್ಬೇಕಾ?" ಎಂದ.

"ಒಂದೇ ಮನುಷ್ಯ ಎರಡು ಸಲ ಲೆಕ್ಕಕ್ಕೆ ಬರೋ ಹಾಗಿಲ್ಲ," ಎಂದ ಶೆದ್ಲಿ, ತರಬೇತಿ ನೆನಪಿಸಿಕೊಂಡು.

ಮೂರನೆಯ ಸಾಲಿನಿಂದ ಮೊದಲ ಹೆಂಡತಿ ಕೂಗಿದಳು: "ಅವನು ಈ ಕಡೆ ಬರೋದೇ ಬೇಡ! ನನ್ನ ಪಕ್ಕಕ್ಕೆ ಒಂದು ಕುಡಿಕೆ ಇಡಿ, ಸಾಕು. ಅದೇ ವಾಸಿ."

ಕುಡಿಕೆ ಇಟ್ಟರು. ಸಾಲುಗಳು ಅಂತೂ ನಿಂತವು. ಆಗ ಶೆದ್ಲಿ ಮೊಣಕಾಲೂರಿ, ಸಾಲು ಸಾಲಿನ ನಡುವಿನ ಸಂದನ್ನು ಗೇಣಿನಿಂದ ಅಳೆಯತೊಡಗಿದ. ಒಂದು ಕಡೆ ನಾಲ್ಕು ಗೇಣು, ಒಂದು ಕಡೆ ಐದು ಇತ್ತಂತೆ.

"ಏಳೋ ಮೇಲೆ!" ಎಂದು ರಾಯಿಸ್ ಗುಡುಗಿದ. "ಇನ್ನು ಬಣ್ಣ ಬಳೀಬೇಕು ಅಂದ್ರೆ ನಿನ್ನನ್ನೇ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸ್ತೀನಿ!"

ಆಗಲೇ ಯಾರೋ ಗಮನಿಸಿದರು. ಸಾಲುಗಳು ಮತ್ತೆ ಬಲದಿಂದ ಎಡಕ್ಕೇ ಇದ್ದವು. ಮೂರು ಜೋಡಿಯ ಹಳೆಯ ಬೇಸಿಗೆ ಬಲತುದಿಗೆ, ಹನ್ನೆರಡು ಜೋಡಿಯದು ಎಡತುದಿಗೆ. ತಿರುಗಿಸೋಣ ಎನ್ನುವಷ್ಟರಲ್ಲಿ ಎಡಗಡೆಯಿಂದಲೇ ಮದಾಮ್‌ರ ಕಾರು ಬಂದು ನಿಂತಿತು. ಸೀ ಬೂರಾವಿಯವರು ಕೈಯಲ್ಲಿ ಆದೇಶದ ಹಾಳೆ ಹಿಡಿದುಕೊಂಡು, ಈ ಜನ ಯಾರೆಂದೇ ತನಗೆ ಗೊತ್ತಿಲ್ಲವೆಂಬ ಮುಖ ಮಾಡಿಕೊಂಡು ಪಕ್ಕದಲ್ಲಿ ನಿಂತರು.

"ಇದೇನಿದು?" ಎಂದರು ಮದಾಮ್.

ಶೆದ್ಲಿ ಮುಂದೆ ಬಂದ. ಅಂಗಿಯ ಗುಂಡಿ ಎಂದಿನಂತೆ ಒಂದು ಮನೆ ತಪ್ಪಿತ್ತು. "ಚಾರ್ಟ್ ಮದಾಮ್. ನಮ್ಮೂರಿನ ಮದುವೆಗಳದ್ದು. ಇದನ್ನ ನಾನು ಮುದ್ರಿಸಿಲ್ಲ."

ಮದಾಮ್ ಎಡತುದಿಯ ಉದ್ದದ ಸಾಲಿನಿಂದಲೇ ಹೊರಟರು. ಹನ್ನೆರಡು ಹೊಸ ಮದುವಣಗಿತ್ತಿಯರು, ಕೈತುಂಬ ಬಳೆ. ಅವರಲ್ಲಿ ನಾಲ್ವರು ವಾಕರಿಕೆಗೆ ನಿಂಬೆಹಣ್ಣು ಮೂಸುತ್ತಿದ್ದರು. "ಯಾವಾಗ ಆಯ್ತಮ್ಮ ಮದುವೆ?" ಎಂದರು. "ಈ ಜುಲೈನಲ್ಲಿ ಮದಾಮ್," ಎಂದು ಹುಡುಗಿ ನಾಚಿದಳು. ಪಕ್ಕದ ಸಾಲಿನಲ್ಲಿ ಒಂಬತ್ತು ಜೋಡಿ. ತೋಳಲ್ಲಿ ಹಾಲು ಕುಡಿಯುವ ಕೂಸುಗಳು. ಅದರಾಚೆ ಆರು, ಅಲ್ಲಿನ ಮಕ್ಕಳು ಅಮ್ಮನ ಬಟ್ಟೆ ಹಿಡಿದುಕೊಂಡು ತಟ್ಟಾಡುತ್ತಿದ್ದವು. ಅದರಾಚೆ ಐದು, ಅಲ್ಲಿನವು ಓಡಿಹೋಗಿ ದೋಣಿಯ ಹಗ್ಗ ಎಳೆಯುತ್ತಿದ್ದವು. ಬಲತುದಿಯಲ್ಲಿ ಮೂರೇ ಜೋಡಿ. ಅಲ್ಲೊಬ್ಬ ದಪ್ಪ ಕೆನ್ನೆಯ ಹುಡುಗ ಸೊಂಟದ ಮೇಲೆ ಕೈಯಿಟ್ಟುಕೊಂಡು ಮದಾಮ್‌ರನ್ನೇ ದುರುಗುಟ್ಟಿ ನೋಡುತ್ತಿದ್ದ.

"ನಿಂಗೆಷ್ಟು ವರ್ಷ ರಾಜಾ?"

"ಮೂರೂವರೆ," ಎಂದ ಅವನು. "ನಿಂಗೆ?"

ಮದಾಮ್ ತಿರುಗಿ, ತಾವು ನಡೆದು ಬಂದ ದಾರಿಯನ್ನು ಹನ್ನೆರಡರ ಸಾಲಿನವರೆಗೂ ನೋಡಿದರು.

"ಮದುವೆಗೂ ಆಕ್ಟೋಪಸ್‌ಗೂ ಏನು ಸಂಬಂಧ?" ಎಂದು ರಾಯಿಸ್‌ನನ್ನು ಕೇಳಿದರು. ದನಿ ನಿನ್ನೆಯ ಹಾಗಿರಲಿಲ್ಲ.

"ಅದಿಲ್ದೆ ಇದಿಲ್ಲ ತಾಯಿ. ಕುಡಿಕೆ ಖಾಲಿ ಬಂದ ವರ್ಷ ನಮ್ಮಲ್ಲಿ ಯಾರೂ ಹೆಣ್ಣು ಕಳಿಸಿಕೊಡಲ್ಲ. ಮೊದಲ ವರ್ಷ ಮೂರೇ ಮನೇಲಿ ಮದುವೆ ಅಡುಗೆ ಒಲೆ ಹತ್ತಿದ್ದು. ಈ ಬೇಸಿಗೆ ಡೋಲಿನವನ ಕೈ ಬಾತುಹೋಗಿತ್ತು, ಬೇಕಾದ್ರೆ ಕೇಳಿ."

"ನಮ್ಮೂರು ನೆಫ್ತಾ," ಎಂದರು ಮದಾಮ್ ನಿಧಾನವಾಗಿ. "ಅಲ್ಲಿ ಖರ್ಜೂರದ ಕೊಯ್ಲು ನೋಡ್ಕೊಂಡು ಮದುವೆ ಮಾಡೋದು. ನಮ್ಮ ತಂದೆ ನನ್ನ ಮದುವೆಗೆ ಎರಡು ಕೊಯ್ಲು ಕಾದಿದ್ರು." ಆ ದಪ್ಪ ಕೆನ್ನೆಯ ಹುಡುಗನ ತಲೆ ಸವರಿದರು. "ಕಾಗದ ಒಂದು ಸಂಜೇಲಿ ಆಗುತ್ತೆ. ಇವನು ಆಗಲ್ಲ."

ಸೀ ಬೂರಾವಿ "ಹೌದು ಮದಾಮ್" ಎಂದರು. ಹದಿನೈದು ವರ್ಷದಲ್ಲಿ ಮೊದಲ ಸಲ ಅವರು ಅದನ್ನು ಮನಸ್ಸಿನಿಂದ ಹೇಳಿದರು.

ಮದಾಮ್ ಹಾಳೆ ಕೈಗೆ ತೆಗೆದುಕೊಂಡು, ಡಿಸೆಂಬರ್ ಎಂದಿದ್ದುದನ್ನು ಹೊಡೆದು ನವೆಂಬರ್ ಎಂದು ಬರೆದರು. ಸಹಿಗೆ ಪೆನ್ನು ಊರುವ ಮೊದಲು ಏನೋ ನೆನಪಾದವರಂತೆ ಶೆದ್ಲಿಯ ಕಡೆ ನೋಡಿದರು. "ಎಲ್ಲರನ್ನೂ ನಿಲ್ಸಿದ್ರಿ. ನೀವು ಯಾವ ಕಂಬದಲ್ಲಿ?"

"ನಾನು... ನಮ್ಮದು ಮುಂದಿನ ಬೇಸಿಗೆ ಮದಾಮ್. ಐದು ವರ್ಷದಿಂದ ಮುಂದಿನ ಬೇಸಿಗೆ. ನಮ್ಮ ಕಂಬ ಇನ್ನೂ ಎದ್ದಿಲ್ಲ."

ಅಷ್ಟರಲ್ಲಿ ದಲಿಂದಾ ಯಾರನ್ನೂ ಕೇಳದೆ ಹೋಗಿ, ಎಡತುದಿಯಲ್ಲಿ ಹನ್ನೆರಡರ ಸಾಲಿನಾಚೆ ಖಾಲಿ ಜಾಗದಲ್ಲಿ ಒಬ್ಬಳೇ ನಿಂತಿದ್ದಳು. ತಲೆಯ ಮೇಲಿನ ಬಟ್ಟೆ ಗಾಳಿಗೆ ಹಾರುತ್ತಿತ್ತು. ಅವಳನ್ನು ಹಾಗೆ ನೋಡಿ ನನಗೆ ಬಹಳ ಸಂತೋಷವಾಯಿತು, ಸಂಕಟವೂ ಆಯಿತು.

"ಹಾಗಾದ್ರೆ ಹೋಗಿ ನಿಲ್ಲಿ," ಎಂದರು ಮದಾಮ್. "ಅದನ್ನೂ ನೋಡಿಯೇ ಸಹಿ ಹಾಕ್ತೀನಿ."

ಶೆದ್ಲಿ ಓಡಿದ. ಎದ್ದು ಬಿದ್ದು ಓಡಿದ. ಬಲಗಡೆಗೆ ಓಡಿದ! ಮೂರೂವರೆ ವರ್ಷದ ಹುಡುಗನನ್ನೂ ದಾಟಿ ಬಲತುದಿಯಾಚೆ ಹೋಗಿ, ಎದೆಯುಬ್ಬಿಸಿ, ಕಣ್ಣು ಮುಚ್ಚಿಕೊಂಡು, ಪಕ್ಕದಲ್ಲಿ ಹುಡುಗಿ ಇದ್ದಾಳೆಂದೇ ನಂಬಿ ಒಬ್ಬನೇ ನಿಂತುಬಿಟ್ಟ.

ಮೂವತ್ತೈದು ಸಂಸಾರ, ಕೂಸುಕುನ್ನಿ ಸಮೇತ ಘೊಳ್ಳೆಂದು ನಕ್ಕಿತು. ನಿಂಬೆಹಣ್ಣು ಮೂಸುತ್ತಿದ್ದವರೂ ನಕ್ಕರು. ರಾಯಿಸ್ ಜಿಲಾನಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಶೆದ್ಲೀ!" ಎಂದು ಆ ತುದಿಯಿಂದ ದಲಿಂದಾ ಕೂಗಿದಳು. ಅವಳ ಗಂಟಲೂ ಅಪ್ಪನದೇ. "ಅಲ್ಲಿ ನಿಂತಿದ್ರೆ ಇಷ್ಟೊತ್ತಿಗೆ ನಮ್ಮ ಮಗನಿಗೆ ನಾಲ್ಕು ತುಂಬಿರ್ತಿತ್ತು! ಈ ಕಡೆ ಬಾ ಮಾರಾಯ!"

ಶೆದ್ಲಿ ಕಣ್ಣು ಬಿಟ್ಟ, ಎಡಬಲ ನೋಡಿದ, ನೋಡಿ ತಾನೂ ನಕ್ಕ. ಆಮೇಲೆ ಒಂದೊಂದು ಸಾಲಿನ ಮುಂದೆ ತಲೆ ತಗ್ಗಿಸಿ ನಡೆದ. ಹೆಂಗಸರು ಬೆನ್ನು ತಟ್ಟಿದರು, ಗಂಡಸರು ಕಿವಿ ಹಿಂಡಿದರು. ಆ ಐದು ವರ್ಷವನ್ನೂ ದಾಟಿಕೊಂಡು ಅವನು ದಲಿಂದಾಳ ಪಕ್ಕಕ್ಕೆ ಬಂದು ನಿಲ್ಲುವಷ್ಟರಲ್ಲಿ ಮದಾಮ್ ಸಹಿ ಹಾಕಿಯಾಗಿತ್ತು.